ತಂಗಿಯ ತೋಳಿಗೆ ಅಕ್ಕನ ಕಾವಲು
ಹಚ್ಚೆ ಅಳಿಸುವ ಲೇಸರ್ ಕ್ಲಿನಿಕ್ಕಿಗೆ ತಂಗಿಯನ್ನು ಕರೆತರುವ ಅಕ್ಕನನ್ನು ನೀವೂ ನೋಡಿರಬೇಕು. ತಂಗಿಯ ಮುಂದೋಳಿನಲ್ಲಿ ಅವಳು ಬಿಟ್ಟುಬಂದ ಗಂಡನ ಹೆಸರಿದೆ. ಆ ತೋಳಿಗೆ ಈಗ ಅಕ್ಕನದೇ ಸರ್ಕಾರ. ಲೇಸರ್‌ಗೆ ಮುಂಚೆ ಬಿಸಿಲು ಸೋಕಬಾರದೆಂದು ಬಟ್ಟೆ ಒಣಹಾಕುವುದಕ್ಕೂ ಉದ್ದ ತೋಳಿನ ಅಂಗಿ ತೊಡಿಸುತ್ತಾಳೆ, ಗೇಟಿನಿಂದ ಆಟೋದವರೆಗೂ ಕೊಡೆ ಹಿಡಿಯುತ್ತಾಳೆ. ಏನೂ ಹಚ್ಚದೆ ಬನ್ನಿ ಎಂದು ಕ್ಲಿನಿಕ್ಕಿನವರು ಹೇಳಿದ ದಿನವೂ ಮನಸ್ಸು ತಡೆಯದೆ ಕ್ರೀಮು ಮೆತ್ತಿ, ಡಾಕ್ಟರ ಹತ್ತಿರ ಬೈಸಿಕೊಂಡು, ತಾನೇ ಒರೆಸುತ್ತಾಳೆ. ಲೇಸರ್ ಮುಗಿದ ಮೇಲಂತೂ ಕೇಳಲೇಬೇಡಿ: “ಗುಳ್ಳೆ ಒಡೀಬೇಡ, ಹಕ್ಕಳೆ ಕೀಳಬೇಡ! ಕೆರೆದ್ರೆ ಕೈ ಕಟ್ಟಿಹಾಕ್ತೀನಿ ನೋಡು.” “ಅಕ್ಕಾ, ತೋಳು ನಂದು ಕಣೇ!” “ನಿಂದೇ. ಅದಕ್ಕೇ ಕಾಯ್ತಿರೋದು.” ಬೆಂಚಿನಲ್ಲಿ ಪಕ್ಕ ಕೂತವರು “ಯಾರ ಹೆಸರಮ್ಮ ಅದು?” ಎಂದರೆ, “ಹೆಸರಲ್ಲ ಕಣ್ರೀ, ಕೊಳೆ” ಎಂದು ಬಾಯಿ ಮುಚ್ಚಿಸುತ್ತಾಳೆ. ಸ್ವಲ್ಪ ಹೊಂದಿಕೊಂಡು ಹೋಗಬಾರದಿತ್ತೇ ಎನ್ನುವ ನಾಲಿಗೆಗಳಿಗೆ ಇನ್ನೂ ಯಾವ ಲೇಸರೂ ಬಂದಿಲ್ಲವಲ್ಲ ಎಂಬುದು ನನ್ನ ಸಿಟ್ಟು. ಇಷ್ಟೆಲ್ಲ ಗದರುವ ಅಕ್ಕ ಮುಲಾಮು ಹಚ್ಚುವಾಗ ಮಾತ್ರ ಸೀದಾ ಕೈ ಚಾಚುವುದಿಲ್ಲ. ಮೊದಲು ತಂಗಿಯ ಕಣ್ಣೆದುರು ಬೆರಳು ತೋರಿಸಿ, “ನಾನು ಕಣೇ, ಮುಲಾಮು” ಎಂದು ಹೇಳಿ, ಕಾಯುತ್ತಾಳೆ. ಆ ಗಂಡನ ಮನೆಯಲ್ಲಿ ಹೊಡೆತ ತಿಂದ ತಂಗಿ ಈಗಲೂ ಯಾರ ಕೈ ಹತ್ತಿರ ಬಂದರೂ ಮುಖ ಮುಚ್ಚಿಕೊಳ್ಳುತ್ತಾಳೆ. ಮೊನ್ನೆ ಅಕ್ಕ ಟ್ಯೂಬಿನ ಮುಚ್ಚಳ ತೆಗೆಯುವಷ್ಟರಲ್ಲೇ ತಂಗಿ ತಾನಾಗಿ ತೋಳು ಚಾಚಿದಳು. ಹೆಸರಿನ್ನೂ ಅರ್ಧ ಉಳಿದಿತ್ತು. ಅಕ್ಕ ಮೊದಲ ಸಲ ಬೆರಳು ತೋರಿಸದೆ ಸೀದಾ ಮುಲಾಮು ಹಚ್ಚಿದಳು.