ಕಾರಿನ ಹಿಂದೆ ಚೆಲ್ಲಿದ ನೀರು

ಪಕ್ಕದ ಮನೆಯ ಮುದುಕಿ, ಟರ್ಕಿಯ ಪ್ರೊಫೆಸರ್, ಯಾರನ್ನೂ ಸ್ಟೆತಾಸ್ಕೋಪ್ ಇಟ್ಟು ನೋಡುತ್ತಿರಲಿಲ್ಲ ಎಂದು ಬರೆಯಹೊರಟು ನಿಲ್ಲಿಸಿದೆ. ಅವರು ರೋಗಿಯನ್ನು ಪರೀಕ್ಷಿಸಿದ್ದನ್ನು ನಾನು ಕಂಡದ್ದು ಒಮ್ಮೆ ಮಾತ್ರ, ಅದೂ ನನ್ನ ಅವ್ವನನ್ನು. ಎಡಗೈಯ ನಡುಬೆರಳನ್ನು ಅವ್ವನ ಬೆನ್ನಿಗೆ ಒತ್ತಿ, ಬಲಗೈಯ ಬೆರಳಿನಿಂದ ಅದರ ಮೇಲೆ ತಟ್ಟಿದರು. ಬಾಗಿಲು ಬಡಿದು ಒಳಗಿನವರಿಗಾಗಿ ಕಾಯುವ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದೆಗೆ ಕಿವಿಯನ್ನೇ ಇಟ್ಟರು.

ಅವ್ವನ ಹೃದಯದ ಕವಾಟ ಕಿರಿದಾಗಿತ್ತು. ಬದಲಿಸದಿದ್ದರೆ ಹೆಚ್ಚು ಕಾಲ ಉಳಿಯುವುದಿಲ್ಲ ಎಂದು ತಜ್ಞರು ಹೇಳಿದ್ದರು, ನಾನೂ ಹೇಳಿದ್ದೆ. "ನೀ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ. ನನಗೇನ ಹೇಳ್ತಿ?" ಎಂದು ನನ್ನನ್ನು ತಳ್ಳಿಹಾಕಿದ್ದಳು. ಧಾರವಾಡದಲ್ಲಿ ಓದಿ ಕ್ರೈಸ್ಟ್‌ಚರ್ಚಿನ ಆಸ್ಪತ್ರೆಯಲ್ಲಿ ವೈದ್ಯೆಯಾದ ಮಗಳ ಮಾತಿಗೆ ಇಲ್ಲದ ಬೆಲೆ ಆ ಮುದುಕಿಯ ಕಿವಿಗೆ ಸಿಕ್ಕಿತು. ಪ್ರೊಫೆಸರ್ ತಲೆ ಎತ್ತಿ, "ಚಳಿಗಾಲದವರೆಗೆ ಕಾಯಬೇಡಿ ಎಂದು ಹೇಳು," ಎಂದರು. ನಾನು ಕನ್ನಡದಲ್ಲಿ ಹೇಳುವ ಮೊದಲೇ ಅವ್ವ ಹೂಂ ಅಂದಿದ್ದಳು.

ಅವರ ಊರಿನ ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರ್ ಆದ ಮೊದಲ ಹೆಂಗಸು ಅವರೇ. ತರಗತಿಗೆ ಬಂದಾಗ ಹುಡುಗರು ಎದ್ದು ನಿಲ್ಲದಿದ್ದರೆ ತಾವೂ ನಿಂತೇ ಇದ್ದು, ಅವರು ಏಳುವವರೆಗೆ ಪಾಠ ಶುರು ಮಾಡುತ್ತಿರಲಿಲ್ಲವಂತೆ. ಮುಂದೆ ಪಾರ್ಲಿಮೆಂಟಿಗೂ ಆರಿಸಿ ಬಂದರು. "ಅಲ್ಲಿಯೂ ಹೀಗೇ ತಟ್ಟಿ ನೋಡಿದೆ. ಟೊಳ್ಳು ಸದ್ದು ಬಂತು," ಎನ್ನುತ್ತಿದ್ದರು. ಈಗ ಎಂಬತ್ತು ದಾಟಿ ಮಗಳ ಜೊತೆ ಇದ್ದರು. ಕ್ರೈಸ್ಟ್‌ಚರ್ಚಿನ ಭೂಕಂಪದ ನಂತರ ಊರು ಕಟ್ಟಲು ಬಂದ ಎಂಜಿನಿಯರುಗಳಲ್ಲಿ ಆ ಮಗಳೂ ಒಬ್ಬಳು.

"ಎಂ.ಪಿ. ಆಗಿದ್ದಾಕಿ ಬಾಜೂ ಮನ್ಯಾಗ ಬದನೀಕಾಯಿ ಸುಡ್ತಾಳ," ಎಂದು ಅವ್ವ ನಗುತ್ತಿದ್ದಳು. ಎದುರಿಗೆ ಬಂದಾಗ ಮಾತ್ರ ಡಾಕ್ಟರಬಾಯಾರು ಎನ್ನುತ್ತಿದ್ದಳು.

ಆಪರೇಷನ್ನಿಗೆ ಹೊರಟ ಬೆಳಿಗ್ಗೆ ವಾಯವ್ಯದ ಬಿಸಿಗಾಳಿ ಬೀಸುತ್ತಿತ್ತು. ಕಾರು ರಸ್ತೆಗೆ ಇಳಿದು ಮುಂದೆ ಸಾಗಿದಾಗ ಪ್ರೊಫೆಸರ್ ಜಗ್ ಹಿಡಿದು ಹೊರಗೆ ಬಂದರು. ನಾವು ಹೋದ ದಾರಿಗೆ ನೀರು ಚೆಲ್ಲಿದರು. ಅವ್ವ ತಿರುಗಿ ನೋಡಿದ್ದಳು.

"ಗಾಡಿ ನಿಂದರಸು."

"ಏನಾತವ್ವಾ?"

"ಹೆಣಾ ಎತ್ತಿದ ಮ್ಯಾಲೆ ನೀರ ಹಾಕ್ತಾರ. ಮನೀಗೆ ನಡಿ."

ನಮ್ಮ ಕಡೆ ಯಾರಾದರೂ ಪ್ರಯಾಣ ಹೊರಟರೆ ಹಿಂದೆಯೇ ಕಸ ಹೊಡೆಯುವುದಿಲ್ಲ, ನೀರು ಹಾಕುವುದಿಲ್ಲ. ಎಷ್ಟು ಬೇಡಿಕೊಂಡರೂ ಅವ್ವ ಕೇಳಲಿಲ್ಲ, ಆಪರೇಷನ್ ತಪ್ಪಿತು. ಸಂಜೆ ಪಕ್ಕದ ಮನೆಗೆ ಹೋಗಿ ಕೇಳಿದೆ. ಅವರಲ್ಲಿ ಅದು ಹಾರೈಕೆ: ನೀರಿನಂತೆ ಸರಾಗವಾಗಿ ಹೋಗು, ನೀರಿನಂತೆ ತಿರುಗಿ ಬಾ. ನಮ್ಮಲ್ಲಿ ಅದರ ಅರ್ಥವೇನೆಂದು ಕೇಳಿ ಪ್ರೊಫೆಸರ್ ಮುಖ ಬಿಳಿಚಿಕೊಂಡಿತು. ಮನೆಗೆ ಬಂದು ಅವ್ವನಿಗೆ ಬಿಡಿಸಿ ಹೇಳಿದೆ.

"ಅವರ ಊರಾಗ ಹಂಗ ಇರಬಹುದು," ಎಂದಳು. "ನೀರಿಗೇನ ಗೊತ್ತಾಗತದ, ಇದು ಯಾರ ಊರಂತ?"



ಅವ್ವ ಇಡೀ ದಿನ ಕಿಟಕಿಯ ಹತ್ತಿರ ಕೂರತೊಡಗಿದಳು. ಪ್ರೊಫೆಸರ್ ನಮ್ಮ ಕಡೆ ಬರುವುದನ್ನು ಬಿಟ್ಟರು. ಆದರೆ ಮಗಳು ಕೆಲಸಕ್ಕೆ ಹೊರಟಾಗ ಈಗಲೂ ಕಾರಿನ ಹಿಂದೆ ನೀರು ಚೆಲ್ಲುತ್ತಿದ್ದರು. ಒಣಗಾಳಿಯಲ್ಲೂ ರಸ್ತೆಯ ಮೇಲಿನ ಆ ನೀರಿನ ಕಲೆ ಬಹಳ ಹೊತ್ತು ಆರುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಸಂಜೆ ಮಗಳ ಕಾರು ಬಂದು ನಿಂತರೆ, "ಬಂದ್ಲು," ಎಂದು ಸಣ್ಣಗೆ ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಪಕ್ಕದ ಮನೆಗೆ ಆಂಬುಲೆನ್ಸ್ ಬಂತು. ಪ್ರೊಫೆಸರನ್ನು ಮಲಗಿಸಿಕೊಂಡು ಹೋದರು. ಅವ್ವ ತುಂಬಿದ ತಂಬಿಗೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು; ಗಾಳಿಗೆ ಸೆರಗು ಹಾರುತ್ತಿತ್ತು, ತಂಬಿಗೆ ಬಾಗಲಿಲ್ಲ. ಇದು ನನಗೆ ಚಿತ್ರದ ಹಾಗೆ ನೆನಪಿದೆ. ಆದರೆ ಆ ಹೊತ್ತಿನಲ್ಲಿ ನಾನು ಡ್ಯೂಟಿಯಲ್ಲಿದ್ದೆ. ನೋಡಿರಲು ಸಾಧ್ಯವೇ ಇಲ್ಲ.

ಪ್ರೊಫೆಸರ್ ತಿರುಗಿ ಬರಲಿಲ್ಲ.

"ನಾ ಹಾಕಬೇಕಿತ್ತು," ಎಂದಳು ಅವ್ವ. "ಕೈ ಏಳಲಿಲ್ಲ." ಆಮೇಲೆ, "ದವಾಖಾನಿಗೆ ಫೋನ್ ಮಾಡು. ನಾ ಹೋಗತೀನಿ. ಆದರ ಆ ಹುಡುಗಿ ನೀರ ಹಾಕಬೇಕು," ಎಂದಳು.

ಪ್ರೊಫೆಸರ್ ಮಗಳು ಇದನ್ನು ಕೇಳಿ ಅಳುತ್ತಲೇ ನಕ್ಕಳು. "ಆಂಟಿ, ನಾನು ಚರಂಡಿ ಪೈಪಿನ ಎಂಜಿನಿಯರ್. ಇದನ್ನೆಲ್ಲ ನಂಬಿದವಳಲ್ಲ." ಆದರೂ ಆಪರೇಷನ್ನಿಗೆ ಗೊತ್ತಾದ ಹೊಸ ದಿನ ಬಂದಾಗ ಜಗ್ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಈ ಸಲ ಅವ್ವ ಹಿಂದೆ ನೋಡಲಿಲ್ಲ. ಮಡಿಲಲ್ಲಿ ಎರಡೂ ಕೈ ಬಿಗಿಹಿಡಿದು ಕೂತಿದ್ದಳು.

"ಹಾಕಿದ್ಲೇನ?"

"ಹಾಕಿದ್ಲವ್ವಾ."

ಕನ್ನಡಿಯಲ್ಲಿ ನೋಡಿಯೇ ಹೇಳಿದೆ ಎಂದುಕೊಂಡಿದ್ದೇನೆ. ಎದುರಿನಿಂದ ವಾಹನ ಬರುತ್ತಿತ್ತು, ಕಣ್ಣು ಅಲ್ಲೂ ಇದ್ದಿರಬಹುದು.

ಕವಾಟ ಬದಲಾಯಿತು. ಎಚ್ಚರವಾಗಿ, ಗಂಟಲಿನ ಕೊಳವೆ ತೆಗೆದ ಮೇಲೆ ಅವ್ವ ಆಡಿದ ಮೊದಲ ಮಾತು: "ಗೇಟಿನ್ಯಾಗ ಇಬ್ಬರು ನಿಂತಿದ್ರು. ನೀ ನೋಡಲಿಲ್ಲೇನು?"

ಅರಿವಳಿಕೆ ಇಳಿಯುವಾಗ ಇಂಥ ಭ್ರಮೆ ಸಾಮಾನ್ಯ ಎಂದು ತಿಳಿಸಿ ಹೇಳಿದೆ. ರೋಗಿಗಳ ಮನೆಯವರಿಗೆ ಹೇಳಿ ಹೇಳಿ ರೂಢಿಯಾದ ಮಾತು. ಅವ್ವ ವಾದ ಮಾಡಲಿಲ್ಲ. ಈಗಲೂ ಮೆಂತೆ ಸೊಪ್ಪು ಬಿಡಿಸುತ್ತ ಕೂತಾಗ ಒಮ್ಮೊಮ್ಮೆ ಅದನ್ನೇ ಹೇಳುತ್ತಾಳೆ. "ಹಿಂದ ನೋಡಿರಲಿಲ್ಲಲ್ಲವ್ವಾ ನೀ?" ಎಂದರೆ, "ನೋಡಿಲ್ಲ," ಎಂದು ಒಪ್ಪಿಕೊಳ್ಳುತ್ತಾಳೆ, ಮತ್ತೆ ಸೊಪ್ಪಿಗೆ ಕೈ ಹಾಕುತ್ತಾಳೆ.

ನನ್ನನ್ನು ಕಾಡುವುದು ಅವಳ ಮಾತಲ್ಲ. ಆ ಬೆಳಗನ್ನು ನೆನಪಿಸಿಕೊಂಡಾಗ ಮೊದಮೊದಲು ಕನ್ನಡಿಯಲ್ಲಿ ಮಗಳೊಬ್ಬಳೇ ಕಾಣುತ್ತಿದ್ದಳು. ಈಚೆಗೆ ಅವಳ ಪಕ್ಕದಲ್ಲಿ ಇನ್ನೊಬ್ಬರಿದ್ದಾರೆ.