ಜೋಡಿ ಶಬ್ದದ ಮಾಸ್ತರು

ಇದನ್ನು ಬರೆಯಬೇಕೆಂದು ಕುಳಿತು, ಬರೆಯದೆ ಎದ್ದು ಹೋದದ್ದು ಎಷ್ಟು ಸಲವೋ. ಕಣ್ಣಿಗೆ ಪೊರೆ ಬಂದಿದೆ ಎಂದೆ. ಪೊರೆ ತೆಗೆಸಿದ ಮೇಲೆ ಮೊಣಕಾಲು ನೋವು ಎಂದೆ. ಮೊಣಕಾಲಿನಿಂದ ಯಾರೂ ಬರೆಯುವುದಿಲ್ಲ ಎಂಬುದು ನನಗೂ ಗೊತ್ತು.

ಮಾಸ್ತರರ ಬಲಗೈ ತೋರುಬೆರಳು ಅರ್ಧವೇ ಇತ್ತು. ಚಿಕ್ಕಂದಿನಲ್ಲಿ ಬೇವೂರಿನ ಹೊಲದಲ್ಲಿ ದನಕ್ಕೆ ಜೋಳದ ಕಣಿಕೆ ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹೋದದ್ದಂತೆ. ಆ ಮೋಟು ಬೆರಳಿನಿಂದಲೇ ಅವರು ಅಂಗಡಿಯ ಬೋರ್ಡನ್ನೂ ಮನುಷ್ಯರನ್ನೂ ತೋರಿಸುತ್ತಿದ್ದರು. ಬೆರಳು ಪೂರ್ತಿ ಇಲ್ಲದ್ದರಿಂದ ಯಾವುದನ್ನು ತೋರಿಸುತ್ತಿದ್ದಾರೆ ಎಂದು ನನಗೆ ಖಚಿತವಾಗುತ್ತಿರಲಿಲ್ಲ. ಅವರ ಮೇಲೆ ಅನುಮಾನ ಬರಲು ನನಗೆ ಅಷ್ಟೇ ಸಾಕಾಯಿತು.

ಅನುಮಾನ ಪಡುವುದು ನನ್ನ ಕಸುಬಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಬಸ್ ಕಂಡಕ್ಟರ್ ಆದವನು ನಾನು. ಬಾಗಲಕೋಟೆಯಿಂದ ಬಾದಾಮಿ, ಇಲ್ಲವೆಂದರೆ ಹುನಗುಂದ, ಇಳಕಲ್. ನಿದ್ದೆ ಹೋದಂತೆ ಕುಳಿತವನು ಟಿಕೆಟ್ ತೆಗೆಸಿರುವುದಿಲ್ಲ. ಕೇಳುವ ಮೊದಲೇ ಮಗುವಿನ ವಯಸ್ಸು ಹೇಳುವ ತಾಯಿ ಒಂದೆರಡು ವರ್ಷ ಇಳಿಸಿರುತ್ತಾಳೆ. ನಿವೃತ್ತಿಯಾಗಿ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಮಾಡಿದಾಗ ಬಸ್ಸು ಹೋಯಿತು, ಆ ಕಣ್ಣು ಉಳಿಯಿತು.

ಮಾಸ್ತರು ನಮ್ಮ ಎದುರು ಮನೆಯ ಎರಡು ಕೋಣೆಗೆ ಬಾಡಿಗೆ ಬಂದರು. ಹುನಗುಂದ ತಾಲೂಕಿನ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೇವೂರು ಇಷ್ಟು ಹತ್ತಿರ ಇರುವಾಗ ಸ್ವಂತ ಮನೆ ಬಿಟ್ಟು ಇಲ್ಲೇಕೆ ಬಂದಿರಿ ಎಂದು ಕೇಳಿಯೇಬಿಟ್ಟೆ.

"ಇಲ್ಲೆ ಬೋರ್ಡು ಭಾಳ ಅದಾವ್ರಿ," ಎಂದರು.

ಇದೆಂಥ ಉತ್ತರ ಎಂದು ನಾನು ಯೋಚಿಸುತ್ತಿರುವಾಗಲೇ ಅವರು ನನ್ನ ನೌಕರಿ ಕೇಳಿದರು. ಕಂಡಕ್ಟರ್ ಎಂದ ಕೂಡಲೇ ಮುಖ ಅರಳಿತು.

"ಬಸ್ ನಿಲ್ಲಸಾಕ ಏನಂತಿದ್ರಿ?"

"ಹೋಲ್ಡಾನ್."

"ಹೋಲ್ಡ್ ಅಂದ್ರ?"

"ಹಿಡಿ."

"ಆನ್ ಅಂದ್ರ?"

"ಮ್ಯಾಲೆ."

"ಹಿಡಿ, ಮ್ಯಾಲೆ. ಇದರಾಗ ನಿಲ್ಲಸು ಅನ್ನೂದು ಎಲ್ಲೈತ್ರಿ, ಕಂಡಕ್ಟರ್ ಸಾಹೇಬ್ರ?"

ಜೀವಮಾನವೆಲ್ಲ ಆ ಮಾತು ಕೂಗಿದ ನನಗೆ ಅದು ಒಮ್ಮೆಯೂ ಹೊಳೆದಿರಲಿಲ್ಲ. ಅವರು ಮೋಟು ಬೆರಳನ್ನು ಎಡಗೈ ಬೆರಳಿಗೆ ಹಚ್ಚಿ ತೋರಿಸಿದರು. "ಒಂಟಿ ಇದ್ದಾಗ ಒಂದು ಗುಣ, ಜೋಡಿ ಆದಮ್ಯಾಲೆ ಬ್ಯಾರೇನ ಗುಣ. ಅದ ಹೋಲ್ಡು ಅಪ್ ಕೂಡ ಹೋತಂದ್ರ ದಾರ್ಯಾಗ ಅಡ್ಡಗಟ್ಟಿ ಸುಲಿಯೂದು ಆಕ್ಕೈತಿ. ಶಬ್ದ ಒಂದ ಕಂಡ್ರ ನಂಬಬ್ಯಾಡ್ರಿ. ಯಾರ ಜೋಡಿ ನಿಂತೈತಿ ನೋಡ್ರಿ."

ನಕ್ಕೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ, "ಕಿಲಾಡಿ ಮನಶ್ಯಾ ಅದಾನ. ಹುಷಾರಿರು."

ಸಂಜೆ ಅವರ ಕಟ್ಟೆಯ ಮೇಲೆ ಓಣಿಯ ಮಕ್ಕಳು ಸೇರುತ್ತಿದ್ದರು. ಮಾಸ್ತರು ಫೀ ತೆಗೆದುಕೊಳ್ಳುತ್ತಿರಲಿಲ್ಲ. ಅದೂ ನನಗೆ ಸರಿಬರಲಿಲ್ಲ. ವ್ಯಾಕರಣದ ಪುಸ್ತಕವನ್ನು ಅವರು ಮುಟ್ಟುತ್ತಿರಲಿಲ್ಲ. ಪ್ರತಿ ಮಗುವೂ ದಿನಕ್ಕೊಂದು ಜೋಡಿ ಹುಡುಕಿಕೊಂಡು ಬರಬೇಕು. ಸಾಬೂನಿನ ಹೊದಿಕೆ, ಗೊಬ್ಬರದ ಚೀಲ, ಕುಕ್ಕರಿನ ಡಬ್ಬಿ, ಲಾರಿಯ ಹಿಂಭಾಗ, ಎಲ್ಲಿಂದಾದರೂ ಸರಿ. 'ಕೀಪ್' ಎಂಬ ಒಂದೇ ಶಬ್ದಕ್ಕೆ ಅವರು ಎಷ್ಟೋ ದಿನ ತೆಗೆದುಕೊಂಡರು. ರಸ್ತೆಯಲ್ಲಿ ಅದು 'ಲೆಫ್ಟ್' ಜೊತೆಗಿರುತ್ತದೆ, ದವಾಖಾನೆಯಲ್ಲಿ 'ಸೈಲೆನ್ಸ್' ಜೊತೆಗೆ, ಲಾರಿಯ ಬೆನ್ನ ಮೇಲೆ 'ಡಿಸ್ಟೆನ್ಸ್' ಜೊತೆಗೆ. "ಒಂದ ಹುಡುಗಿ ಮೂರು ಮನಿಗೆ ಹೋಗಿ ಮೂರು ಥರ ಬಾಳೇವು ಮಾಡಿದಂಗ," ಎನ್ನುತ್ತಿದ್ದರು.

ನನ್ನ ಮೊಮ್ಮಗಳೂ, ಹಿರಿಯ ಮಗನ ಮಗಳು, ಹೋಗುತ್ತಿದ್ದಳು. ನಾನು ನಮ್ಮ ಬಾಗಿಲಲ್ಲಿ ಪೇಪರ್ ಹಿಡಿದು ಕುಳಿತು ಕಿವಿ ಅತ್ತ ಕೊಡುತ್ತಿದ್ದೆ.

"ಹೆವಿ ರೇನ್ ಅಂತಾರ, ಸ್ಟ್ರಾಂಗ್ ರೇನ್ ಅನ್ನೂದಿಲ್ಲ. ಸ್ಟ್ರಾಂಗ್ ಟೀ ಅಂತಾರ, ಹೆವಿ ಟೀ ಅನ್ನೂದಿಲ್ಲ."

"ಯಾಕ್ರಿ ಸರ್?" ಎಂದಳು ಮೊಮ್ಮಗಳು.

"ಯಾಕಂದ್ರ ಅವು ಮೊದಲಿಂದ ಹಂಗ ಕೂಡ್ಯಾವು. ನಿಮ್ಮಜ್ಜಿ ನಿಮ್ಮಜ್ಜನ್ನ ಯಾಕ ಮಾಡಿಕೊಂಡ್ಳು ಅಂತ ಕೇಳಿದ್ರ ಯಾರರ ಹೇಳ್ತಾರೇನು?"

"ನಮ್ಮಜ್ಜಿ ಮಾಡೂದು ಹೆವಿ ಟೀನ ಐತ್ರಿ ಸರ್. ಕುಡುದ್ರ ಹೊಟ್ಟಿ ಭಾರ ಆಕ್ಕೈತಿ."

ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ ಕನ್ನಡಕ್ಕೆ ಬಂದರು. "ನಮ್ಮದರಾಗೂ ಹಂಗ ಐತಿ. ಕೈ ಹಿಡದ್ರ ಲಗ್ನ, ಕೈ ಕೊಟ್ರ ಮೋಸ, ಕೈ ಬಿಟ್ರ ಅನಾಥ. ಕೈ ಮಾತ್ರ ಅದ ಕೈ. ಒಂದ ಸಲ ನೋಡಿ ತೀರ್ಮಾನ ಮಾಡಬ್ಯಾಡ್ರಿ. ಹತ್ತು ಕಡೆ ನೋಡ್ರಿ, ಆವಾಗ ಅದರ ಸ್ವಭಾವ ತಿಳಿತೈತಿ."

ಮಾತಿನ ಮೊದಲ ಭಾಗ ನನಗೆ ಹಿಡಿಸಿತು. ಕೊನೆಯ ಭಾಗವನ್ನು ಕೇಳಿಸಿಕೊಂಡೆನೇ ಹೊರತು ಇಟ್ಟುಕೊಳ್ಳಲಿಲ್ಲ. ಒಮ್ಮೆ ಮಕ್ಕಳನ್ನೆಲ್ಲ ಬಾದಾಮಿಗೆ ಬೋರ್ಡು ಓದಿಸಲು ಕರೆದೊಯ್ದರು. ನಾನೂ ಹೊರಟೆ, ಅವರ ಮೇಲೆ ಕಣ್ಣಿಡಲು. ಕೋತಿಗಳಿವೆ ಎಚ್ಚರ ಎನ್ನುವ 'ಬಿವೇರ್ ಆಫ್ ಮಂಕೀಸ್' ಬೋರ್ಡಿನ ಕೆಳಗೆ ನಿಂತು, 'ಬಿವೇರ್' ಯಾವತ್ತೂ 'ಆಫ್' ಕೈ ಬಿಡುವುದಿಲ್ಲ ಎಂದು ಅವರು ಹೇಳುತ್ತಿರುವಾಗಲೇ ಕೋತಿಯೊಂದು ಅವರ ಚುರುಮುರಿ ಚೀಲ ಕಿತ್ತುಕೊಂಡು ಗುಡ್ಡ ಏರಿತು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ಮಕ್ಕಳ ತಲೆ ಎಣಿಸುತ್ತಿದ್ದೆ.

ಈಗ ನನ್ನ ಮಗಳ ವಿಷಯ, ಇನ್ನೂ ಲಗ್ನವಾಗದ ಕಿರಿಯವಳು. ಅವಳಿಗೆ ಕಾಲೇಜಿನ ದಿನಗಳಲ್ಲಿ ಫಿಟ್ಸ್ ಬರತೊಡಗಿತ್ತು. ಗುಳಿಗೆ ಶುರುವಾದ ಮೇಲೆ ಅಪರೂಪವಾಯಿತು. ಡಾಕ್ಟರು ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ ಎಂದರು. ನಾನು ಮುಚ್ಚಿಟ್ಟೆ. ಬಾಗಲಕೋಟೆಯಲ್ಲಿ ಗುಳಿಗೆ ಕೊಂಡರೆ ಅಂಗಡಿಯವನಿಗೆ ಗೊತ್ತಾಗುತ್ತದೆಂದು ಡ್ಯೂಟಿ ಮೇಲೆ ಹೋದಾಗ ಇಳಕಲ್ಲಿನಲ್ಲಿ ಕೊಳ್ಳುತ್ತಿದ್ದೆ. ನಿವೃತ್ತಿಯ ನಂತರವೂ ಅದಕ್ಕೆಂದೇ ಬಸ್ ಹತ್ತುತ್ತಿದ್ದೆ. ಖಾಲಿ ಡಬ್ಬಿಗಳನ್ನು ನೀರೊಲೆಗೆ ಹಾಕಿ ಸುಡುತ್ತಿದ್ದೆ.

ಒಂದು ಡಬ್ಬಿ ಒಲೆಗೆ ಹೋಗುವ ಮೊದಲು ಮೊಮ್ಮಗಳ ಕೈಗೆ ಸಿಕ್ಕಿತು. 'ಕೀಪ್'ಗೆ ಹೊಸ ಜೋಡಿ ಸಿಕ್ಕಿತೆಂದು ಕಟ್ಟೆಗೆ ಒಯ್ದಳು. ಮಕ್ಕಳ ಕೈಗೆ ಸಿಗದಂತೆ ಇಡಿ ಎಂಬ ಸಾಲು ಅದರ ಮೇಲಿತ್ತು. ಮಾಸ್ತರು ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಮಡಿಚಿ, ತಾವೇ ರಸ್ತೆ ದಾಟಿ ಬಂದು ನನ್ನ ಕೈಗಿಟ್ಟರು.

"ಹುಡುಗಿ ತಪ್ಪಿ ತಂದಾಳ್ರಿ. ನಾ ಓದಿಲ್ಲ."

ಅಕ್ಷರ ಕಂಡಲ್ಲಿ ನಿಲ್ಲುವ ಮನುಷ್ಯ ಇದೊಂದನ್ನು ಓದಲಿಲ್ಲವೆಂದರೆ ನಾನು ನಂಬಬೇಕೆ? ಸುಳ್ಳು ಎಂದು ತಿಳಿಯಿತು. ಯಾವ ಬಗೆಯ ಸುಳ್ಳು ಎಂದು ತಿಳಿಯಲಿಲ್ಲ.

ಅದೇ ದಿನಗಳಲ್ಲಿ ಇಳಕಲ್ಲಿನಿಂದ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ಹುನಗುಂದದಲ್ಲಿ ಕ್ಲಾರ್ಕ್. ತಾಯಿ, ಸೋದರಮಾವನೊಡನೆ ಬಂದು ಉಪ್ಪಿಟ್ಟು ತಿಂದರು. ಹುಡುಗ, ಹುಡುಗಿ ಮಾಳಿಗೆಯ ಮೇಲೆ ಸ್ವಲ್ಪ ಹೊತ್ತು ಮಾತಾಡಿ ಬಂದರು. ಎಲ್ಲರ ಮುಖವೂ ಹಸನಾಗಿತ್ತು. ಮರುದಿನ ಬಸ್ ಸ್ಟ್ಯಾಂಡಿನ ಹತ್ತಿರ ಚಹಾದ ಅಂಗಡಿಯಲ್ಲಿ ನೋಡುತ್ತೇನೆ, ಆ ಸೋದರಮಾವ ನಮ್ಮ ಮಾಸ್ತರರ ಜೊತೆ ನಿಂತಿದ್ದಾನೆ. ಮಾಸ್ತರರ ಮೋಟು ಬೆರಳು ನಮ್ಮ ಓಣಿಯ ಕಡೆಗಿದೆ. ಅವನು ಅವರ ಹಳೆಯ ವಿದ್ಯಾರ್ಥಿ ಎಂದು ಆಮೇಲೆ ತಿಳಿಯಿತು. ವಾರದೊಳಗೆ ನಡುವಿನವರ ಬಾಯಲ್ಲಿ ಉತ್ತರ ಬಂತು. "ಹುಡುಗಿಗೆ ಗುಳಗಿ ನಡದಾವಂತಲ್ರಿ. ಮೊದಲ ಹೇಳಬೇಕಿತ್ತು."

ಯಾರ ಜೋಡಿ ನಿಂತಿದ್ದಾರೆ ನೋಡು ಎಂದು ಅವರೇ ಕಲಿಸಿದ್ದರಲ್ಲ. ನಾನು ಒಂದು ಸಲ ನೋಡಿದ್ದೆ. ನನಗೆ ಸಾಕಾಗಿತ್ತು.

ಸಂಜೆ ಕಟ್ಟೆ ತುಂಬ ಮಕ್ಕಳಿರುವಾಗಲೇ ಹೋದೆ.

"ಮಂದಿ ಮನ್ಯಾಗಿಂದು ತಿಳಕೊಳ್ಳಾಕ ಹುಡುಗರ್ನ ಇಟ್ಟೀರೇನ್ರಿ, ಮಾಸ್ತರ?"

"ಏನಾತ್ರಿ?"

"ನಮ್ಮ ಮನಿ ಮಾತು ಇಳಕಲ್ಲಿಗೆ ಹೆಂಗ ಮುಟ್ಟಿತು?"

ಅವರಿಗೆ ತಿಳಿಯಿತು. ತಿಳಿದದ್ದು ಮುಖದಲ್ಲೇ ಕಂಡಿತು. "ನನ್ನ ಬಾಯಾಗಿಂದ ಹೋಗಿಲ್ಲರಿ," ಎಂದರು.

"ಮತ್ತ ಯಾರ ಬಾಯಾಗಿಂದ ಹೋತು?"

"ಅದನ್ನ ನನಗ ಕೇಳಬ್ಯಾಡ್ರಿ."

ಇದು ತಪ್ಪೊಪ್ಪಿಗೆಯೇ ಎಂದು ನಾನು ಓಣಿಯ ಮನೆ ಮನೆಗೂ ಹೋದೆ. ನಿಮ್ಮ ಮನೆಯ ಗುಳಿಗೆ ಯಾವುದು, ಬ್ಯಾಂಕಿನ ನೋಟೀಸು ಯಾವುದು, ಎಲ್ಲ ಆ ಕಟ್ಟೆಗೆ ಹೋಗುತ್ತದೆ ನೋಡಿ ಎಂದೆ. ಮುಚ್ಚಿಡುವಂಥದ್ದು ಎಲ್ಲರ ಮನೆಯಲ್ಲೂ ಏನಾದರೊಂದು ಇತ್ತು. ಮಕ್ಕಳು ಬರುವುದು ನಿಂತಿತು.

ಒಂದು ರಾತ್ರಿ ಊಟದ ಹೊತ್ತಿಗೆ ಮಗಳು ಹೇಳಿದಳು, "ಅಪ್ಪಾ, ಮಾಸ್ತರು ಹೇಳಿಲ್ಲ. ಮಾಳಿಗಿ ಮ್ಯಾಲೆ ನಾನ ಹುಡುಗಗ ಹೇಳೇನಿ. ಮುಚ್ಚಿಟ್ಟು ಹೋಗೂ ಮನಸ್ಸು ಇರಲಿಲ್ಲ ನನಗ."

ನಾನು ನಂಬಲಿಲ್ಲ. ಅವರನ್ನು ಉಳಿಸಲು ಹೇಳುತ್ತಿದ್ದಾಳೆ ಎಂದುಕೊಂಡೆ. ಅವಳು ಭಾನುವಾರ ಅವರಲ್ಲಿಗೆ ಇಂಗ್ಲಿಷ್ ಪೇಪರ್ ತರಲು ಹೋಗುತ್ತಿದ್ದದ್ದು ನೆನಪಾಯಿತು. ನನ್ನ ಕಣ್ಣಿಗೆ ಅದೂ ಒಂದು ಜೋಡಿಯಾಗಿ ಕಂಡಿತು.

"ಆ ಮುದುಕನ ಪರ ಇಷ್ಟ್ಯಾಕ ನಿಲ್ತಿ? ಅವನ ಮನಿಗೆ ಏನ್ ಕಲಿಯಾಕ ಹೋಗ್ತಿದ್ದಿ ನೀ?"

ತಂದೆ ಆಡುವ ಮಾತಲ್ಲ ಅದು. ಅವಳು ತಾಟಿನಲ್ಲೇ ಕೈ ತೊಳೆದು ಎದ್ದು ಒಳಗೆ ಹೋದಳು. ಅಂದಿನಿಂದ ನನ್ನೆದುರು ಅವಳು ಗುಳಿಗೆ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ.

ಮಾಸ್ತರು ಆ ತಿಂಗಳೇ ಮನೆ ಬಿಟ್ಟರು. ಮಂಚ, ಪುಸ್ತಕ ಟಂಟಂ ಆಟೋದಲ್ಲಿ ಹೇರಿದ ಮೇಲೆ ನಮ್ಮ ಬಾಗಿಲಿಗೆ ಬಂದು "ಹೋಗಿ ಬರ್ತೇನ್ರಿ" ಎಂದರು. ನಮ್ಮ ಕಡೆ ಶತ್ರುವಿಗಾದರೂ "ಹೋಗಿ ಬರ್ರಿ" ಅನ್ನುತ್ತಾರೆ. ನಾನು ಪೇಪರಿನಿಂದ ತಲೆ ಎತ್ತಲಿಲ್ಲ.

ಎಷ್ಟೋ ವರ್ಷದ ಮೇಲೆ ಹುನಗುಂದ ಸ್ಟ್ಯಾಂಡಿನಲ್ಲಿ ಒಬ್ಬ ಬಂದು ಕಾಲು ಮುಟ್ಟಿದ. ಆ ಇಳಕಲ್ಲಿನ ಹುಡುಗ. ಹೆಗಲ ಮೇಲೆ ಮಗು. "ನಿಮ್ಮ ಮಗಳು ಅವತ್ತ ಮಾಳಿಗಿ ಮ್ಯಾಲೆ ಎಲ್ಲಾ ಖರೆ ಹೇಳಿದ್ರು, ಕಾಕಾ. ನನಗ ಏನೂ ಅನಿಸಿರಲಿಲ್ಲ. ನಮ್ಮವ್ವಗ ನಾ ಹೇಳಬಾರದಿತ್ತು," ಎಂದ. ನನ್ನ ಬಸ್ಸು ಬಂದು ಹೋಯಿತು. ನಾನು ಹತ್ತಲಿಲ್ಲ.

ಮಗಳ ಮಾತು ನಂಬದೆ ಅಷ್ಟು ವರ್ಷ ಕಳೆದವನು ಪರರ ಮಗನ ಮಾತು ಒಂದೇ ಸಲಕ್ಕೆ ನಂಬಿದೆ.

ಮರುದಿನವೇ ಬೇವೂರಿಗೆ ಹೋದೆ. ಮಾಸ್ತರು ಅಣ್ಣನ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಗುರುತು ಹಿಡಿದರು.

"ನನ್ನಿಂದ ತಪ್ಪಾತ್ರಿ, ಮಾಸ್ತರ."

"ಆತಲ್ರಿ ಮತ್ತ. ಚಾ ಕುಡೀರಿ."

ಇಷ್ಟು ಬೇಗ ಮುಗಿದದ್ದು ನನಗೆ ಸಮಾಧಾನವಾಗಲಿಲ್ಲ. "ಅವತ್ತ ಚಾದ ಅಂಗಡ್ಯಾಗ ಆ ಮಾವಗ ಏನ್ ಹೇಳಿದ್ರಿ?" ಎಂದೆ. ಆಗಲೂ ಕೇಳಿದೆ ನೋಡಿ.

"ನಿಮ್ಮ ಬಾಡಿಗಿ ಮನಿ ಎಲ್ಲೈತ್ರಿ ಸರ್ ಅಂತ ನನ್ನ ಕೇಳಿದ್ದ. ತೋರಿಸಿದ್ದೆ."

"ಕಟ್ಟಿ ಮ್ಯಾಲೆ ಖರೆ ಯಾಕ ಹೇಳಲಿಲ್ಲ?"

"ಹುಡುಗಗ ಹೇಳಲೇನು ಅಂತ ನಿಮ್ಮ ಮಗಳು ಮೊದಲ ನನ್ನ ಕೇಳಿದ್ದಳು. ಹೇಳು ಅಂತನೂ ಅನಲಿಲ್ಲ, ಬ್ಯಾಡ ಅಂತನೂ ಅನಲಿಲ್ಲ. ಅದು ಅಕಿ ಮಾತು. ಅಷ್ಟು ಹುಡುಗರ ಮುಂದ ಅಕಿ ಹೆಸರು ತಗೀಲೇನು?" ಸ್ವಲ್ಪ ಸುಧಾರಿಸಿಕೊಂಡು ಕೇಳಿದರು, "ಅಕಿಗೆ ಅಂದ್ರೇನು?"

"ಏನ್ರಿ?"

"ಈಗ ನನಗ ಅಂದ್ರಲ್ಲ, ಅದನ್ನ."

ಚಹಾದ ಕಪ್ಪು ಕೆಳಗಿಟ್ಟೆ.

"ಇಷ್ಟು ದೂರ ಬಸ್ ಹತ್ತಿ ಬಂದೀರಿ," ಎಂದರು. "ಅಕಿ ನಿಮ್ಮ ಮನಿ ಪಡಸಾಲ್ಯಾಗನ ಇರತಾಳ."

ಜೋಳದ ಸುಗ್ಗಿಗೆ ಮೊದಲೇ ಮಾಸ್ತರು ತೀರಿಕೊಂಡರು. ಮಣ್ಣಿಗೆ ಹೋಗಿ ಒಂದು ಹಿಡಿ ಹಾಕಿ ಬಂದೆ. ಮಗಳು ಬಾಗಿಲಲ್ಲೇ ನಿಂತಿದ್ದಳು. "ಮಣ್ಣು ಆತೇನಪ್ಪಾ? ನೀರು ಕಾಯಿಸೇನಿ, ಜಳಕ ಮಾಡು," ಎಂದಳಷ್ಟೆ.

ಈಗಲೂ ಸಂಬಂಧ ಕೇಳಿಕೊಂಡು ಯಾರಾದರೂ ಬಂದರೆ ಉಪ್ಪಿಟ್ಟಿನ ತಾಟು ಇಡುವ ಮೊದಲೇ ಗುಳಿಗೆಯ ಮಾತನ್ನು ಅವಳೇ ಹೇಳುತ್ತಾಳೆ. ನಾನು ನೆಲ ನೋಡುತ್ತೇನೆ. ಮಾಸ್ತರರಿಗೆ ತಪ್ಪಾತು ಎನ್ನುವುದು ಸುಲಭವಾಗಿತ್ತು ಎಂದು ಈಗ ಅನಿಸುತ್ತದೆ. ಅವರು ಹೊರಗಿನವರು, ಹೇಳಿ ಎದ್ದು ಬರಬಹುದಿತ್ತು.

ಇದನ್ನು ಬರೆಯುತ್ತಿರುವಾಗ ಅವಳು ಪಡಸಾಲೆಯಿಂದ ಏನು ಬರೆಯುತ್ತಿದ್ದೀ ಎಂದು ಕೇಳಿದಳು. ಮಾಸ್ತರರ ಬಗ್ಗೆ ಎಂದೆ. ನಾನು ಈವರೆಗೂ ಕ್ಷಮೆ ಕೇಳದಿರುವುದು ಅವಳನ್ನು, ನನ್ನ ಮಗಳನ್ನು.