ಎಡಗೆನ್ನೆಗೆ ಒಂದು ಗೋಡೆ

ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಕಲ್ಲುಚಪ್ಪಡಿಯ ಮೇಲೆ ಊರಿದ ಸದ್ದಿಗೆ ನನ್ನ ಕೈ ತಾನಾಗಿ ಮೇಲೆದ್ದು ತಲೆಯನ್ನು ಮುಚ್ಚಿಕೊಂಡಿತು. ಹೋದ ತಿಂಗಳ ಮಾತು. ತಂಗಿಯ ಮೊಮ್ಮಗಳ ಮದುವೆಗೆ ಜಾಗ ನೋಡಲೆಂದು ಶ್ರೀರಂಗಪಟ್ಟಣದ ಹತ್ತಿರ, ಹೊಳೆದಂಡೆಯ ಒಂದು ತೋಟಕ್ಕೆ ಹೋಗಿದ್ದೆವು. ಫೋಟೊದವರು ಜೊತೆಗೇ ಬಂದಿದ್ದರು. ಈಗೆಲ್ಲ ಹಾಗೆಯೇ, ಜಾಗವನ್ನು ಪುರೋಹಿತರಿಗಿಂತ ಮೊದಲು ಅವರು ಒಪ್ಪಬೇಕು. ಅವರು ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ನೋಡುತ್ತಿದ್ದರೆ ನಾನು ಮಾವಿನ ಮರದ ಬುಡದಲ್ಲಿ ಕುಳಿತುಬಿಟ್ಟೆ. ತಲೆ ಸುತ್ತಿತೇ ಎಂದು ಕೇಳಿ ಹುಡುಗಿ ನೀರು ತಂದಳು. ತಲೆ ಸುತ್ತಿರಲಿಲ್ಲ. ಅಂಥದೇ ಒಂದು ಸ್ಟ್ಯಾಂಡಿನ ಕಾಲಿನಿಂದ ಒಬ್ಬ ಮನುಷ್ಯನ ಕೈ ಜಜ್ಜುವುದನ್ನು ಸುಮಾರು ಐವತ್ತು ವರ್ಷಗಳ ಹಿಂದೆ ನಾನು ಐದು ಅಡಿ ದೂರದಲ್ಲಿ ನಿಂತು ನೋಡಿದ್ದೆ.

ಅವರನ್ನು ನಾವು ಸ್ಟುಡಿಯೋದವರು ಎಂದಷ್ಟೇ ಕರೆಯುತ್ತಿದ್ದೆವು. ಪಾಂಡವಪುರದಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಸ್ಟುಡಿಯೋ ಇಟ್ಟುಕೊಂಡಿದ್ದರು. ಮುಂದಿನ ಕೋಣೆಯಲ್ಲಿ ಪರದೆ, ಕುರ್ಚಿ, ಎರಡು ದೀಪ. ಹಿಂದಿನದು ಕತ್ತಲ ಕೋಣೆ. ಸಣ್ಣ ಮೈಕಟ್ಟು, ನಲವತ್ತರ ಆಸುಪಾಸು, ಉಗುರುಗಳು ಸದಾ ಔಷಧಿಯ ಕಂದು ಬಣ್ಣ. ನೆಗೆಟಿವನ್ನು ಗಾಜಿನ ಮೇಲಿಟ್ಟು, ಮುಳ್ಳಿನಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಮುಖದ ಕಲೆಗಳನ್ನು ಅಳಿಸುವುದರಲ್ಲಿ ಆ ಕಡೆ ಅವರಷ್ಟು ನುರಿತವರು ಇರಲಿಲ್ಲ. ಸಿಡುಬಿನ ಕಲೆಯ ಎಷ್ಟೋ ಗಂಡು ಹೆಣ್ಣುಗಳಿಗೆ ಅವರ ಪೆನ್ಸಿಲಿನಿಂದ ಮದುವೆಯಾಗಿದೆ ಎಂದು ಜನ ನಗೆಯಾಡುತ್ತಿದ್ದರು.

ನನ್ನ ತಂಗಿಯದು ಸಿಡುಬಿನ ಕಲೆಯಲ್ಲ. ಅವಳಿಗೆ ಏಳು ವರ್ಷವಿದ್ದಾಗ ನಮ್ಮ ಆಲೆಮನೆಯಲ್ಲಿ ಇಬ್ಬರು ಆಳುಗಳು ಹೊಡೆದಾಡಿಕೊಂಡರು. ಒಬ್ಬ, ಕುದಿಯುವ ಬೆಲ್ಲದ ಪಾಕದಲ್ಲಿದ್ದ ಸೌಟನ್ನು ಎತ್ತಿ ಇನ್ನೊಬ್ಬನತ್ತ ಬೀಸಿದ. ಅವನು ಬಗ್ಗಿದ. ಹಿಂದೆ ನಿಂತಿದ್ದದ್ದು ನನ್ನ ತಂಗಿ. ಪಾಕ ಎಡಗಿವಿಯಿಂದ ಕೆನ್ನೆ, ಕತ್ತಿನವರೆಗೆ ಅಂಟಿಕೊಂಡಿತು. ಕೀಳಲು ಹೋದರೆ ಚರ್ಮವೂ ಬಂತು... ಆ ಕೂಗು ಈಗಲೂ ಕಿವಿಯಲ್ಲಿದೆ.

ಬೆಳೆದ ಮೇಲೆ ಹೆಣ್ಣು ನೋಡಲು ಬಂದವರು ಮೂರು ಸಲ ಎದ್ದು ಹೋದರು. ಮೂರು ಸಲವೂ ಅಪ್ಪ ಬೀದಿಬಾಗಿಲು ಹಾಕಿ ಬಾರುಕೋಲು ತೆಗೆದುಕೊಂಡರು. ಮೊದಲು ಅಮ್ಮನಿಗೆ, ಆಮೇಲೆ ಅವಳಿಗೆ. ಮೂರನೆಯ ಸಲ ನಾನು ಮನೆಯಲ್ಲಿದ್ದೆ. ತಡೆಯಲು ಹೋದ ನನ್ನ ಮುಂಗೈಗೂ ಬಿತ್ತು. ಇನ್ನೊಂದು ಸಲ ಹೀಗಾದರೆ ಅವಳನ್ನು ಕೆರೆಗೆ ನೂಕುತ್ತೇನೆ ಎಂದು ಅಪ್ಪ ಹೇಳಿದರು. ಹೇಳಿದ್ದನ್ನು ಮಾಡುವ ಮನುಷ್ಯ ಅವರು. ನಾಲ್ಕನೆಯ ಸಂಬಂಧ ತಪ್ಪಕೂಡದೆಂದು ಅವತ್ತೇ ನಿಶ್ಚಯಿಸಿದೆ.

ನಾನಾಗ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಕೆಲಸದಲ್ಲಿದ್ದೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ನೀರಿನ ಮಟ್ಟ ನೋಡಿ ಬರೆಯುವುದು ನನ್ನ ಪಾಲಿನ ಕೆಲಸ. ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದ ನನಗೆ ಅದು ಹೊರೆಯಾಗಲಿಲ್ಲ. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಗೊತ್ತು ಮಾಡಿಟ್ಟರೆ ಯಾವುದೂ ಕೆಡುವುದಿಲ್ಲವೆಂದು ನಂಬಿದ್ದೆ. ತಂಗಿಯ ಮದುವೆಯನ್ನೂ ಹಾಗೆಯೇ ಗೊತ್ತು ಮಾಡಲು ಹೊರಟೆ.

ಅವಳನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಫೋಟೊ ತೆಗೆಸಿದೆ. ಸುಟ್ಟ ಗಾಯ ಪೂರಾ ಹೋಗಬೇಕು ಎಂದೆ. ಸ್ಟುಡಿಯೋದವರು ಒಪ್ಪಲಿಲ್ಲ.

"ಫೋಟದಾಗೆ ಅಳಿಸ್ಬೋದು ಕಣಪ್ಪ. ಮುಖದಾಗೆ ಏನ್ ಮಾಡೀಯೆ? ಹೇಳಿ ಮಾಡು. ಒಪ್ಪೋನು ಎಲ್ಲೋ ಒಬ್ಬ ಇರ್ತಾನೆ."

ನಾನು ತಂಗಿಯ ರವಿಕೆಯ ತೋಳನ್ನು ಸ್ವಲ್ಪ ಮೇಲೆ ಸರಿಸಿ ಬಾರುಕೋಲಿನ ಬರೆ ತೋರಿಸಿದೆ. ಅವರು ಅದನ್ನು ನೋಡಿದರು, ಅವಳ ಮುಖ ನೋಡಿದರು. ನೆಗೆಟಿವನ್ನು ಗಾಜಿನ ಮೇಲಿಟ್ಟು ಪೆನ್ಸಿಲು ಎತ್ತಿಕೊಂಡರು. ಪಕ್ಕದಲ್ಲೇ ಕುಳಿತು, ಕತ್ತಿನ ಹತ್ತಿರ ಇನ್ನೂ ಸ್ವಲ್ಪ, ಕಿವಿಯ ಕೆಳಗೆ ಇನ್ನೂ ಸ್ವಲ್ಪ ಎಂದು ನಾನು ಹೇಳಿ ಹೇಳಿ ಮಾಡಿಸಿದೆ.

ಆ ಫೋಟೊ ನಾಗಮಂಗಲದ ಕಡೆಯ ಒಂದು ಮನೆಗೆ ಹೋಯಿತು. ಗಂಡಿಗೆ ತಂದೆ ಇರಲಿಲ್ಲ. ಸಾಕಿದ ಚಿಕ್ಕಪ್ಪನೇ ಯಜಮಾನ. ಆಳೆತ್ತರದ ಮನುಷ್ಯ, ಪಂಚಾಯಿತಿ ಕಟ್ಟೆಯಲ್ಲಿ ಬಾಯಿಗಿಂತ ಮೊದಲು ಕೈ ಆಡಿಸುವವರೆಂದು ಹೆಸರಾಗಿದ್ದರು. ಗಂಡು ದೂರದ ಊರಿನಲ್ಲಿ ಕೆಲಸದಲ್ಲಿದ್ದುದರಿಂದ ಅವನು ನೋಡಿದ್ದು ಫೋಟೊ ಮಾತ್ರ. ಚಿಕ್ಕಪ್ಪ ಹೆಣ್ಣು ನೋಡಲು ಬರುವುದನ್ನು ದೀಪ ಹಚ್ಚುವ ಹೊತ್ತಿಗೆ ಇಟ್ಟುಕೊಂಡೆ. ಲಾಟೀನನ್ನು ಅವಳ ಬಲಕ್ಕೆ ಇಡಿಸಿದೆ. ಒಪ್ಪಿಗೆಯಾಯಿತು. ಎರಡೂ ಊರಿಗೆ ನಡುವೆ ಎಲ್ಲಾದರೂ ಮಾಡಿಕೊಡಿ ಎಂದು ಹೇಳಿ ಹೋದರು.

ಇನ್ನು ಉಳಿದದ್ದು ಜಾಗ. ತಾಳಿ ಬೀಳುವ ತನಕ ಯಾರಿಗೂ ಎಡಗೆನ್ನೆ ಕಾಣಬಾರದು. ತಾಳಿ ಬಿದ್ದ ಮೇಲೆ ಯಾರು ಏನು ಮಾಡಿಯಾರು ಎಂಬುದು ನನ್ನ ಲೆಕ್ಕ. ಮದುವೆಯ ಫೋಟೊಗಳಲ್ಲೂ ಅದು ಕಾಣಬಾರದು. ಅವು ಗಂಡಿನ ಮನೆಯ ಗೋಡೆಯ ಮೇಲೆ ತೂಗುವಂಥವು. ಬೇಡ ಬೇಡವೆನ್ನುತ್ತಲೇ ಸ್ಟುಡಿಯೋದವರು ನನ್ನ ಜೊತೆ ಬಸ್ಸು ಹತ್ತಿದರು. ನನ್ನ ರಜದ ದಿನಗಳಲ್ಲಿ ಇಬ್ಬರೂ ಛತ್ರಗಳನ್ನು ನೋಡುತ್ತ ಅಲೆದೆವು.

ಶ್ರೀರಂಗಪಟ್ಟಣದ ಹೊಳೆಪಕ್ಕದ ಛತ್ರ ನನಗೆ ಹಿಡಿಸಿತ್ತು. ಅವರು ಒಳಗೆ ಕಾಲಿಟ್ಟವರೇ ತಲೆಯಾಡಿಸಿದರು. ನೀರಿನ ಮೇಲಿನ ಬಿಸಿಲು ಪುಟಿದು ಕೆಳಗಿನಿಂದ ಮುಖಕ್ಕೆ ಹೊಡೆಯುತ್ತದೆ, ಕತ್ತಿನ ಸುಕ್ಕೆಲ್ಲ ಎದ್ದು ಕಾಣುತ್ತದೆ ಎಂದರು. ಕೆ.ಆರ್. ಪೇಟೆಯದು ಹೊಸ ಕಲ್ಯಾಣ ಮಂಟಪ. ಹಸೆ ನಟ್ಟನಡುವೆ, ಸುತ್ತ ಜನ, ತಲೆಯ ಮೇಲೆ ಟ್ಯೂಬ್‌ಲೈಟು. ಅಲ್ಲಿ ಯಾವ ಗಾಯವೂ ಮರೆಯಾಗುವಂತಿರಲಿಲ್ಲ. ಕರಿಘಟ್ಟದ ಬೆಟ್ಟದ ಮೇಲೆ ಬೆಳಕೇನೋ ಸರಿಯಿತ್ತು, ಮುದುಕರು ಹತ್ತುವಂತಿರಲಿಲ್ಲ. ಕೊನೆಗೆ ಮೇಲುಕೋಟೆಯಲ್ಲಿ ಒಂದು ಹಳೆಯ ಛತ್ರ ಸಿಕ್ಕಿತು. ಅವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಹೆಣ್ಣು ಗಂಡು ಪೂರ್ವಕ್ಕೆ ಮುಖ ಮಾಡಿ ಕುಳಿತರೆ ಬಲಕ್ಕೆ ದೊಡ್ಡ ಕಿಟಕಿ, ಎಡಕ್ಕೆ ಎರಡೇ ಅಡಿಯಲ್ಲಿ ದಪ್ಪ ಗೋಡೆ.

ನಮಗೆ ಬೇಕಾದದ್ದು ಆ ಗೋಡೆ. ತಾಳಿ ಕಟ್ಟುವವರೆಗೆ ಹೆಣ್ಣು ಗಂಡಿನ ಬಲಕ್ಕೆ ಕೂರುತ್ತಾಳೆ. ಆಗ ಅವಳ ಎಡಗೆನ್ನೆ ಗಂಡಿನ ಕಡೆಗೆ. ನಡುವಿನ ತೆರೆ ತೆಗೆದಾಗಲೂ ಅವನು ತಲೆ ತಗ್ಗಿಸಿರುತ್ತಾನೆ, ಬಾಸಿಂಗದ ಹೂವಿನ ಎಳೆಗಳು ಬೇರೆ. ತಾಳಿಯಾದ ಮೇಲೆ ಎಡಕ್ಕೆ ಬಂದು ಕೂರಬೇಕು. ಆಗ ಆ ಕೆನ್ನೆ ಹೊರಕ್ಕೆ. ಆ ಕಡೆ ಗೋಡೆಯಿದ್ದರೆ ನೋಡುವವರಿಲ್ಲ. ಗೋಡೆಯಲ್ಲಿ ಒಂದೇ ಒಂದು ಬಾಗಿಲಿತ್ತು, ಹಿಂದಿನ ಅಡುಗೆಮನೆಗೆ ಕೂಡಿಕೊಂಡಿದ್ದ ಉಗ್ರಾಣದ್ದು. ಅದಕ್ಕೆ ಬೀಗ ಹಾಕಿಸುತ್ತೇನೆ ಎಂದೆ.

ಮದುವೆಯ ದಿನ ಯಾರು ಯಾವ ಹೊತ್ತಿಗೆ ಏನು ಮಾಡಬೇಕೆಂಬುದನ್ನು ನಾನು ಹಾಳೆಯ ಮೇಲೆ ಬರೆದು ಹಂಚಿದ್ದೆ. ಅಡುಗೆಯವರ ಹಾಳೆಯಲ್ಲಿ ಒಂಬತ್ತೂವರೆಗೆ ಉಗ್ರಾಣದ ಬಾಗಿಲು ತೆಗೆದು ಊಟದ ಎಲೆ ಹೊರಗೆ ತರುವುದು ಎಂದಿತ್ತು. ಅಷ್ಟು ಹೊತ್ತಿಗೆ ಎಲ್ಲ ಮುಗಿದು ತಂಗಿ ಸೆರಗು ಹೊದ್ದು ಎದ್ದಿರುತ್ತಾಳೆ ಎಂಬ ಎಣಿಕೆ. ಗಂಡಿನವರ ಬಸ್ಸು ಬಂದದ್ದು ಅರ್ಧ ಗಂಟೆ ತಡವಾಗಿ. ಒಂಬತ್ತೂವರೆಗೆ ಅಡುಗೆಯವರು ಬಂದು, ಇನ್ನೂ ಧಾರೆಯೇ ಆಗಿಲ್ಲವಲ್ಲ, ತೆಗೆಯೋಣವೇ ಎಂದು ಕೇಳಿದರು. ಬರೆದದ್ದನ್ನು ಬರೆದಂತೆ ಮಾಡಬೇಕೆಂದು ಗದರಿ ಬೀಗದಕೈ ಕೊಟ್ಟೆ. ನನ್ನ ಹಾಳೆಯ ಮೇಲೆ ನನಗೆ ಅಷ್ಟು ನಂಬಿಕೆ.

ತಾಳಿ ಬಿತ್ತು. ವಾಲಗ ಜೋರಾಯಿತು. ಅಕ್ಷತೆ ಹಾಕಿದ ಚಿಕ್ಕಪ್ಪ ಅಡುಗೆಮನೆ ನೋಡಿ ಬರಲು ಹಿಂದಕ್ಕೆ ಹೋದರು, ಬೀಗರ ಯಜಮಾನರಲ್ಲವೇ. ತಂಗಿ ಎಡಕ್ಕೆ ಬಂದು ಕುಳಿತಳು. ಸ್ಟುಡಿಯೋದವರು ಕಿಟಕಿಯ ಕಡೆಯಿಂದ ಎರಡು ಫೋಟೊ ತೆಗೆದರು. ಮೂರನೆಯದಕ್ಕೆ ಬಗ್ಗಿದಾಗ ಉಗ್ರಾಣದ ಬಾಗಿಲು ದೂಡಿಕೊಂಡು ಚಿಕ್ಕಪ್ಪ ಹೊರಬಂದರು. ಅವರಿಗೂ ನನ್ನ ತಂಗಿಯ ಎಡಗೆನ್ನೆಗೂ ಎರಡೇ ಅಡಿ.

ಬಗ್ಗಿ ನೋಡಿದರು. ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ವಾಲಗದವರ ಕಡೆ ಕೈಯೆತ್ತಿದರು, ನಿಂತಿತು. ಜೇಬಿನಿಂದ ಫೋಟೊ ತೆಗೆದು ಎರಡು ಚೂರು ಮಾಡಿ ಅವಳ ಮುಖಕ್ಕೆ ಎಸೆದರು.

"ಸುಟ್ಟೋದ ಹೆಣ್ಣ ತಂದು ಕಟ್ತೀರೇನ್ಲಾ? ಇಲ್ಲೇ ಬುಟ್ಟೋಯ್ತೀವಿ, ಮಡೀಕಳಿ. ಯಾವನ್ಲಾ ಈ ಫೋಟ ಮಾಡ್ದೋನು?"

ಅಪ್ಪ ನನ್ನ ಕಡೆ ನೋಡಿದರು. ಆ ನೋಟದ ಅರ್ಥ ನನಗೆ ಗೊತ್ತಿತ್ತು. ಇವಳು ಇಲ್ಲೇ ಉಳಿದರೆ ಇವಳ ಹೆಣ ಬೀಳುತ್ತದೆ. ಫೋಟೊ ಮಾಡಿಸಿದವನು ನಾನು ಎಂದರೆ ಮೋಸ ಮನೆಯದೇ ಆಗುತ್ತದೆ, ಅವರು ಬಿಟ್ಟು ಹೋಗುವುದು ಖಂಡಿತ. ಆಗ ಸ್ಟುಡಿಯೋದವರು ಕ್ಯಾಮೆರಾ ಬಿಟ್ಟು ಮುಂದೆ ಬಂದರು.

"ನಾನೇ ಯಜಮಾನ್ರೇ. ಇವರ್ಗೆ ಗೊತ್ತಿಲ್ಲ. ಫೋಟ ಚೆಂದ ಬರ್ಲಿ ಅಂತ ನಾನೇ ಪೆನ್ಸಿಲ್ ಆಡಿಸ್ಬುಟ್ಟೆ."

ಮಾತು ಮುಗಿಯುವ ಮೊದಲೇ ಏಟು ಬಿತ್ತು. ಮೂಗಿನಿಂದ ರಕ್ತ ಬಂತು. ಗಂಡಿನ ಕಡೆಯ ನಾಲ್ಕೈದು ಜನ ಕೂಡಿಕೊಂಡರು. ಕ್ಯಾಮೆರಾ ಕಂಬಕ್ಕೆ ಬಡಿದು ಒಡೆಯಿತು. ಬಿದ್ದವರನ್ನು ಕಾಲಿನಿಂದ ಒದ್ದರು. ಅವರು ಕೂಗಲಿಲ್ಲ, ಉಸಿರು ಸಿಕ್ಕಿಕೊಂಡವರಂತೆ ಒಂದು ಸದ್ದು ಬರುತ್ತಿತ್ತು. ಯಾವ ಕೈಯಲ್ಲಿ ಅಳಿಸಿದೆ ಎಂದು ಚಿಕ್ಕಪ್ಪ ಕೇಳಿದರು. ಅವರು ಬಲಗೈ ಮುಂದೆ ಚಾಚಿದರು... ಯಾಕೆ ಚಾಚಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ಅದನ್ನು ಚಪ್ಪಡಿಗೆ ಮೆಟ್ಟಿ ಹಿಡಿದು, ಸ್ಟ್ಯಾಂಡಿನ ಹಿತ್ತಾಳೆ ಮೊಳೆಯ ಕಾಲಿನಿಂದ ಕುಟ್ಟಿದರು. ಒಮ್ಮೆಯಲ್ಲ. ಎಲುಬಿನ ಸದ್ದು ಒಣ ಕಡ್ಡಿ ಮುರಿದಂತಿತ್ತು. ನೋಡುತ್ತಿದ್ದವರು ಇನ್ನೂರು ಜನ ಇದ್ದೆವು. ಅಲ್ಲಾಡಲಿಲ್ಲ. ನಾನೂ ಅಲ್ಲಾಡಲಿಲ್ಲ.

ಆಗ ಗಂಡು ಎದ್ದು ನಿಂತ. ಅಷ್ಟು ಹೊತ್ತೂ ಅವನು ಚಿಕ್ಕಪ್ಪನಿಗೆ ಹೆದರಿ ಹಸೆಯ ಮೇಲೆ ಕಲ್ಲಾಗಿ ಕುಳಿತಿದ್ದ.

"ಬುಡಿ ಚಿಕ್ಕಪ್ಪ. ತೆರೆ ತೆಗ್ದಾಗ್ಲೇ ನಾನು ನೋಡ್ದೆ. ನೋಡೇ ಕಟ್ಟಿವ್ನಿ."

ಅಷ್ಟೇ. ಸ್ಟ್ಯಾಂಡಿನ ಕಾಲು ಚಿಕ್ಕಪ್ಪನ ಕೈಯಿಂದ ಕೆಳಗೆ ಬಿತ್ತು. ಬೈಯುತ್ತ ಹೊರಗೆ ಹೋದರು, ಅರ್ಧ ಗಂಟೆಯ ಮೇಲೆ ತಿರುಗಿ ಬಂದು ಊಟಕ್ಕೂ ಕುಳಿತರು. ಸಂಜೆ ಹೆಣ್ಣನ್ನು ಕರೆದುಕೊಂಡು ಹೋದರು. ನಾನು ಹುಡುಕಿದ ಛತ್ರ, ಗೋಡೆ, ಬೆಳಕು, ಬೀಗ ಯಾವುದೂ ಬೇಕಾಗಿರಲಿಲ್ಲ. ನಾನು ಎಲ್ಲರಿಂದ ಮರೆಮಾಡಲು ಹೊರಟಿದ್ದನ್ನು, ನೋಡಲಾರ ಎಂದುಕೊಂಡಿದ್ದವನೇ ಎಲ್ಲರಿಗಿಂತ ಮೊದಲು ನೋಡಿ ಒಪ್ಪಿದ್ದ. ಸ್ಟುಡಿಯೋದವರು ಮೊದಲ ದಿನವೇ ಹೇಳಿದ್ದರು, ಒಪ್ಪೋನು ಒಬ್ಬ ಇರ್ತಾನೆ ಎಂದು.

ಒಂದು ತಿಂಗಳ ಮೇಲೆ ಅವರನ್ನು ನೋಡಲು ಹೋದೆ. ಕೈಗೆ ಬಿದಿರು ಪಟ್ಟಿಯ ನಾಟಿ ಕಟ್ಟು ಹಾಕಿಸಿಕೊಂಡು ಜಗಲಿಯಲ್ಲಿ ಕುಳಿತಿದ್ದರು. ಹೊರಬಂದಿದ್ದ ಬೆರಳುಗಳು ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದವು. ಅವರ ಹೆಂಡತಿ ನನ್ನನ್ನು ನೋಡಿ ಒಳಗೆ ಹೋದವರು ಮತ್ತೆ ಬರಲಿಲ್ಲ. ತಂಗಿ ಚೆನ್ನಾಗಿದ್ದಾಳೆಯೇ ಎಂದಷ್ಟೇ ಅವರು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ನಾಗಮಂಗಲಕ್ಕೆ ಹೋಗಿ ಚಿಕ್ಕಪ್ಪನ ಮುಂದೆ ನಿಜ ಹೇಳಿ ಬರುತ್ತೇನೆ ಎಂಬ ಮಾತನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಆರರ ಮಟ್ಟ ಬರೆಯಬೇಕಿತ್ತು. ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆ.

ಪೆನ್ಸಿಲು ಹಿಡಿಯಲಾಗದ ಮೇಲೆ ಸ್ಟುಡಿಯೋ ಎಷ್ಟು ದಿನ ನಡೆದೀತು... ಮಳೆಗಾಲ ಕಳೆಯುವ ಮೊದಲೇ ಬಾಗಿಲು ಹಾಕಿ ಹೆಂಡತಿಯ ತವರಿನ ಕಡೆ ಹೋದರು ಎಂದರು. ಬಹಳ ವರ್ಷಗಳ ಮೇಲೆ ಯಾರೋ, ಅವರು ತೀರಿಕೊಂಡರು ಎಂದರು.

ಹೋದ ತಿಂಗಳು ಆ ತೋಟ ನೋಡಿಕೊಂಡು ಹಿಂತಿರುಗುವಾಗ ಕಾರಿನಲ್ಲಿ ತಂಗಿ ನನ್ನ ಪಕ್ಕದಲ್ಲಿದ್ದಳು. ಅವಳ ಗಂಡ ತೀರಿಕೊಂಡು ಎರಡು ವರ್ಷವಾಗಿದೆ. ಅವನು ಅವಳನ್ನು ಚೆನ್ನಾಗಿ ಬಾಳಿಸಿದ. ಫೋಟೊದವರಿಗೆ ಹೊಳೆದಂಡೆ ಹಿಡಿಸಿತ್ತು; ಅಲ್ಲೇ ಮದುವೆ ಎಂದು ಮೊಮ್ಮಗಳು ಮುಂದಿನ ಸೀಟಿನಲ್ಲಿ ಫೋನಿನಲ್ಲಿ ಹೇಳುತ್ತಿದ್ದಳು. ನಾನು ತಂಗಿಗೆ ಮೆಲ್ಲಗೆ, ಅವತ್ತು ಅವರ ಮೇಲೆ ಬಿದ್ದ ಏಟೆಲ್ಲ ನನ್ನವು, ಒಂದು ಮಾತು ಹೇಳಿದ್ದರೆ ಆ ಕೈ ಉಳಿಯುತ್ತಿತ್ತು ಎಂದೆ. ಇಷ್ಟು ವರ್ಷದಲ್ಲಿ ಆ ವಿಷಯ ನಮ್ಮ ನಡುವೆ ಬಂದದ್ದು ಅದೇ ಮೊದಲು. ಪಾಂಡವಪುರದ ರೈಲ್ವೆ ಗೇಟು ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಹಸೆಯಿಂದ ಎದ್ದೋಗಿ ಅವರ್ನ ಎತ್ತಿ ಕೂರ್ಸಿದ್ದು ನಾನು ಅಣ್ಣಯ್ಯ. ರಕ್ತವೆಲ್ಲ ನನ್ನ ಧಾರೆ ಸೀರೆ ಮೇಲಿತ್ತು. ತಿರುಗಿ ನೋಡ್ದೆ. ನೀನು ಗಡಿಯಾರ ನೋಡ್ತಾ ನಿಂತಿದ್ದೆ."

ನಿಜ. ಹತ್ತಕ್ಕೆ ಎಂಟು ನಿಮಿಷವಿತ್ತು. ಅದು ನನಗೆ ನೆನಪಿದೆ. ಅವರು ಯಾವ ಊರಿಗೆ ಹೋದರು, ಅಲ್ಲಿ ಏನು ಮಾಡಿ ಹೊಟ್ಟೆ ಹೊರೆದರು, ಎಲ್ಲಿ ಮಣ್ಣಾದರು ಎಂಬುದು ನನಗೆ ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳೋಣವೆಂದರೆ ಆ ಬೀದಿಯಲ್ಲಿ ಈಗ ಅವರನ್ನು ಕಂಡವರು ಯಾರೂ ಉಳಿದಿಲ್ಲ.